ಸಬ್‌ಸ್ಟೇಷನ್ನಿನ ಮೌನ ಕಾವಲುಗಾರ

ವಿದ್ಯುತ್ತಿನ ಇತಿಹಾಸವನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಜಲಪಾತಗಳನ್ನೂ ಅಣೆಕಟ್ಟುಗಳನ್ನೂ ಅವುಗಳನ್ನು ಕಟ್ಟಿಸಿದ ದಿವಾನರನ್ನೂ ನೆನೆಯುತ್ತೇವೆ. ಅದು ಸಹಜವೇ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿಮಾರ್ಗವು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಇಷ್ಟನ್ನು ನನ್ನ ತರಗತಿಯಲ್ಲಿ ಕುಳಿತಿದ್ದವರೆಲ್ಲರೂ ಒಮ್ಮೆಯಾದರೂ ಪರೀಕ್ಷೆಯಲ್ಲಿ ಬರೆದಿರುತ್ತೀರಿ. ಆದರೆ ಅಷ್ಟು ದೂರ ಹರಿಯುವ ವಿದ್ಯುತ್ತನ್ನು ಹಗಲಿರುಳೂ ಕಾಯುವವರು ಯಾರು, ಆ ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ನೋಡಿಬರುವವರು ಯಾರು ಎಂಬ ಪ್ರಶ್ನೆ ನಮ್ಮ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಈ ಬರಹ ಅದನ್ನು ಕುರಿತದ್ದು.

ಮೊದಲು ಕಾವಲು ಏಕೆ ಬೇಕು ಎಂಬುದನ್ನು ನೋಡೋಣ. ಮಳೆಗಾಳಿಗೆ ಮರದ ಕೊಂಬೆಯೊಂದು ತಂತಿಗೆ ತಗುಲಿದರೆ, ಸಿಡಿಲು ಬಡಿದು ಪಿಂಗಾಣಿಯ ಇನ್ಸುಲೇಟರ್ ಒಡೆದರೆ, ಅಥವಾ ತಂತಿ ತುಂಡಾಗಿ ನೆಲಕ್ಕೆ ಬಿದ್ದರೆ, ವಿದ್ಯುತ್ತು ತಾನು ಹೋಗಬೇಕಾದ ಹಾದಿಯನ್ನು ಬಿಟ್ಟು ಸುಲಭದ ಹಾದಿಯನ್ನು ಹಿಡಿಯುತ್ತದೆ. ಪ್ರವಾಹವು ಇದ್ದಕ್ಕಿದ್ದಂತೆ ಹಲವು ಪಟ್ಟು ಏರಬಹುದು. ಅದನ್ನು ಕೂಡಲೇ ತಡೆಯದಿದ್ದರೆ ತಂತಿ ಕರಗುತ್ತದೆ, ಟ್ರಾನ್ಸ್‌ಫಾರ್ಮರಿನ ಎಣ್ಣೆಗೆ ಬೆಂಕಿ ಹತ್ತುತ್ತದೆ, ಹೊಲದಲ್ಲಿ ಬಿದ್ದ ತಂತಿಯನ್ನು ತುಳಿದವರ ಪ್ರಾಣ ಹೋಗುತ್ತದೆ.

ಈ ಅಪಾಯಕ್ಕೆ ಕಂಡುಕೊಂಡ ಮೊದಲ ಉಪಾಯ ಫ್ಯೂಸ್. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರವನ್ನು ತೆರೆದ ಕಾಲಕ್ಕೇ ಇದರ ಅಗತ್ಯ ಗೊತ್ತಾಗಿತ್ತು. ನಮ್ಮ ಮನೆಗಳ ಬಿಳಿಯ ಪಿಂಗಾಣಿಯ ಫ್ಯೂಸನ್ನು ಕಿತ್ತು, ಹೊಸ ತಂತಿ ಸುತ್ತಿ ಮತ್ತೆ ಸಿಕ್ಕಿಸಿದ ನೆನಪು ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಫ್ಯೂಸ್ ತನ್ನನ್ನು ತಾನು ಸುಟ್ಟುಕೊಂಡು ಮನೆಯನ್ನು ಉಳಿಸುತ್ತದೆ. ಆದರೆ ಅದಕ್ಕೆ ವಿವೇಚನೆಯಿಲ್ಲ. ಒಮ್ಮೆ ಸುಟ್ಟರೆ ಯಾರಾದರೂ ಹೋಗಿ ಹೊಸದನ್ನು ಕಟ್ಟಬೇಕು. ಲಕ್ಷಾಂತರ ವೋಲ್ಟಿನ ಮಾರ್ಗಗಳಿಗೆ ಅದು ಸಾಲದು.

ಆದ್ದರಿಂದ ಇಂಜಿನಿಯರುಗಳು ನೋಡುವ ಕಣ್ಣನ್ನೂ ತಡೆಯುವ ಕೈಯನ್ನೂ ಬೇರೆ ಬೇರೆ ಮಾಡಿದರು. ಕಣ್ಣು ರಿಲೇ, ಕೈ ಸರ್ಕ್ಯೂಟ್ ಬ್ರೇಕರ್. ಸಬ್‌ಸ್ಟೇಷನ್ನಿನ ಬೇಲಿಯೊಳಗೆ ಜಲ್ಲಿಕಲ್ಲು ಹರಡಿದ ಅಂಗಳದಲ್ಲಿ ನಿಂತಿರುವ ದೊಡ್ಡ ಬ್ರೇಕರು ನಮಗೆ ರಸ್ತೆಯಿಂದಲೇ ಕಾಣುತ್ತದೆ. ರಿಲೇ ಮಾತ್ರ ಕಂಟ್ರೋಲ್ ರೂಮಿನೊಳಗೆ, ಕಬ್ಬಿಣದ ಬೀರುವಿನಂತಹ ಪ್ಯಾನೆಲ್ಲಿನಲ್ಲಿ ಕುಳಿತಿರುತ್ತದೆ. ಲೈನಿನಲ್ಲಿ ಹರಿಯುವ ನೂರಾರು ಆಂಪಿಯರ್ ಪ್ರವಾಹವನ್ನು ಕರೆಂಟ್ ಟ್ರಾನ್ಸ್‌ಫಾರ್ಮರು ಒಂದು ಅಥವಾ ಐದು ಆಂಪಿಯರಿನ ಅಳತೆಗೆ ಇಳಿಸಿ ರಿಲೇಗೆ ತೋರಿಸುತ್ತದೆ. ಲಕ್ಷಾಂತರ ವೋಲ್ಟುಗಳನ್ನು ಮತ್ತೊಂದು ಟ್ರಾನ್ಸ್‌ಫಾರ್ಮರು 110 ವೋಲ್ಟಿಗೆ ಇಳಿಸಿ ತೋರಿಸುತ್ತದೆ. ರಿಲೇ ಇವೆರಡನ್ನೂ ನೋಡುತ್ತಾ, ಕೇಡು ಕಂಡಾಗ ಬ್ಯಾಟರಿಯ ಬಲದಿಂದ ಬ್ರೇಕರಿಗೆ ಆಜ್ಞೆ ಕೊಡುತ್ತದೆ. ನಾವು ಟ್ರಿಪ್ ಆಯಿತು ಎನ್ನುವುದು ಇದನ್ನೇ.

ಹಳೆಯ ರಿಲೇಗಳ ಒಳಗೆ ಅಲ್ಯೂಮಿನಿಯಮ್ಮಿನ ಒಂದು ಬಿಲ್ಲೆ ಇರುತ್ತಿತ್ತು. ಮನೆಯ ಹಳೆಯ ಮೀಟರಿನಲ್ಲಿ ಸುತ್ತುತ್ತಿದ್ದ ಬಿಲ್ಲೆಯನ್ನು ನೆನಪಿಸಿಕೊಳ್ಳಿ. ತತ್ತ್ವ ಅದೇ. ಪ್ರವಾಹ ನಿಗದಿತ ಮಿತಿಯನ್ನು ದಾಟಿದಾಗ ಬಿಲ್ಲೆ ತಿರುಗಲಾರಂಭಿಸುತ್ತದೆ, ಪ್ರವಾಹ ಹೆಚ್ಚಿದಷ್ಟೂ ಬೇಗ ತಿರುಗುತ್ತದೆ, ತಿರುಗಿ ಮುಗಿದಾಗ ಸಂಪರ್ಕವೊಂದು ಕೂಡಿಕೊಳ್ಳುತ್ತದೆ. ಸಾಮಾನ್ಯ ಬಗೆಯ ರಿಲೇಯೊಂದರಲ್ಲಿ ಪ್ರವಾಹವು ಮಿತಿಯ ಎರಡು ಪಟ್ಟಾದರೆ ಸುಮಾರು 10 ಸೆಕೆಂಡು, ಐದು ಪಟ್ಟಾದರೆ ಸುಮಾರು 4.3 ಸೆಕೆಂಡು, ಹತ್ತು ಪಟ್ಟಾದರೆ ಸುಮಾರು 3 ಸೆಕೆಂಡು ಬೇಕು. ಈ ಕಾಲವನ್ನು ಮತ್ತಷ್ಟು ಕಡಿಮೆ ಮಾಡಿಕೊಳ್ಳಲು ಒಂದು ತಿರುಪು ಇರುತ್ತದೆ. ಸಣ್ಣ ತಪ್ಪಿಗೆ ತಾಳ್ಮೆ, ದೊಡ್ಡ ತಪ್ಪಿಗೆ ತ್ವರಿತ ಶಿಕ್ಷೆ ಎಂಬ ಈ ನಿಯಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರಿಗೆ ಬೇಗ ಅರ್ಥವಾಗುತ್ತದೆ.

ಟ್ರಾನ್ಸ್‌ಫಾರ್ಮರಿಗೆ ಬೇರೆಯೇ ಒಬ್ಬ ಕಾವಲುಗಾರ ಬೇಕಾಯಿತು. ಜರ್ಮನಿಯ ಮ್ಯಾಕ್ಸ್ ಬುಖ್‌ಹೋಲ್ಟ್ಸ್ ಎಂಬಾತನು 1921ರಲ್ಲಿ ಕಂಡುಹಿಡಿದ ರಿಲೇ ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಟ್ರಾನ್ಸ್‌ಫಾರ್ಮರಿನ ಒಳಗೆ ಎಲ್ಲಿಯಾದರೂ ಕಿಡಿ ಹಾರಿದರೆ ಎಣ್ಣೆ ವಿಭಜನೆಗೊಂಡು ಅನಿಲದ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳು ಮೇಲಿನ ಕೊಳವೆಯಲ್ಲಿರುವ ರಿಲೇಯಲ್ಲಿ ಶೇಖರವಾಗಿ, ತೇಲುವ ಬೆಂಡೊಂದನ್ನು ಕೆಳಗಿಳಿಸಿ ಎಚ್ಚರಿಕೆಯ ಗಂಟೆ ಬಾರಿಸುತ್ತವೆ. ಕೇಡು ದೊಡ್ಡದಾಗಿ ಎಣ್ಣೆ ನುಗ್ಗಿಬಂದರೆ ಎರಡನೆಯ ಬೆಂಡು ಚಲಿಸಿ ಟ್ರಾನ್ಸ್‌ಫಾರ್ಮರನ್ನೇ ಬಿಡಿಸುತ್ತದೆ. ಹೊಟ್ಟೆಯೊಳಗಿನ ರೋಗವನ್ನು ಉಸಿರಿನಿಂದ ಪತ್ತೆಹಚ್ಚುವ ವೈದ್ಯನಂತಹ ಉಪಕರಣವಿದು.

ಉದ್ದನೆಯ ಲೈನುಗಳಿಗೆ ದೂರವನ್ನು ಅಳೆಯುವ ರಿಲೇಗಳು ಬಂದವು. ಇದರ ಗುಟ್ಟು ಹತ್ತನೆಯ ತರಗತಿಯ ಓಮನ ನಿಯಮದಲ್ಲಿದೆ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ತಡೆ ಸಿಗುತ್ತದೆ. ಲೈನಿನ ತಡೆಯು ಅದರ ಉದ್ದಕ್ಕೆ ಅನುಗುಣವಾಗಿರುವುದರಿಂದ, ಭಾಗಲಬ್ಧ ಸಣ್ಣದಾದರೆ ದೋಷ ಹತ್ತಿರದಲ್ಲಿದೆ, ದೊಡ್ಡದಾದರೆ ದೂರದಲ್ಲಿದೆ ಎಂದು ರಿಲೇ ಲೆಕ್ಕ ಹಾಕುತ್ತದೆ. ಅದಕ್ಕೆ ಸಾಮಾನ್ಯವಾಗಿ ಮೂರು ಎಲ್ಲೆಗಳನ್ನು ಹಾಕಿಕೊಡುತ್ತಾರೆ. ತನ್ನ ಲೈನಿನ ಸುಮಾರು ಶೇಕಡಾ 80ರಷ್ಟು ಮೊದಲ ವಲಯ, ಅಲ್ಲಿ ದೋಷ ಕಂಡರೆ ಕೂಡಲೇ ಆಜ್ಞೆ. ತನ್ನ ಲೈನಿನ ಕೊನೆಯನ್ನು ದಾಟಿ ಸ್ವಲ್ಪ ಮುಂದಕ್ಕೆ ಎರಡನೆಯ ವಲಯ, ಅಲ್ಲಿ ಒಂದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಾಳ್ಮೆ. ಪಕ್ಕದ ಲೈನನ್ನೂ ಒಳಗೊಳ್ಳುವ ಮೂರನೆಯ ವಲಯದಲ್ಲಿ ಸುಮಾರು ಒಂದು ಸೆಕೆಂಡಿನ ತಾಳ್ಮೆ. ಪಕ್ಕದ ಬೀದಿಯ ಕಾವಲುಗಾರ ನಿದ್ದೆ ಹೋಗಿದ್ದರೆ ಈ ಬೀದಿಯವನು ಎದ್ದು ಹೋಗಲಿ ಎಂಬ ಏರ್ಪಾಡು ಇದು. ಈ ಮೂರನೆಯ ವಲಯವನ್ನು ನೆನಪಿನಲ್ಲಿಡಿ. ಮುಂದಿನ ಕಥೆಗೆ ಅದು ಬೇಕು.

ಇಷ್ಟೆಲ್ಲವೂ ಎಷ್ಟು ಕಾಲದಲ್ಲಿ ಆಗಬೇಕು? ನಮ್ಮ ದೇಶದ ನಿಯಮದಂತೆ 400 ಕಿಲೋವೋಲ್ಟಿನ ಲೈನಿನಲ್ಲಿ ದೋಷವು 100 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ನಿವಾರಣೆಯಾಗಬೇಕು. ರಿಲೇ ನೋಡಿ ತೀರ್ಮಾನಿಸುವುದು, ಬ್ರೇಕರು ತೆರೆದುಕೊಳ್ಳುವುದು ಎರಡೂ ಅಷ್ಟರಲ್ಲೇ ಮುಗಿಯಬೇಕು. ಸೋಜಿಗವೆಂದರೆ, ಈ ಒಂದು ಕ್ಷಣಕ್ಕಾಗಿ ರಿಲೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನನ್ನೂ ಮಾಡದೆ ಕಾಯುತ್ತಿರುತ್ತದೆ. ಪಂಪು ಕೆಟ್ಟರೆ ನೀರು ನಿಲ್ಲುತ್ತದೆ, ನಮಗೆ ತಿಳಿಯುತ್ತದೆ. ಹಳೆಯ ಕಾಲದ ರಿಲೇ ಕೆಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದರ ಅಗತ್ಯ ಬೀಳುವ ದಿನದವರೆಗೆ. ರಿಲೇ ಪರೀಕ್ಷೆ ಎಂಬ ವೃತ್ತಿ ಹುಟ್ಟಿದ್ದು ಈ ಕಾರಣದಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ವೃತ್ತಿಯಲ್ಲಿದ್ದಾನೆ. ಹಳ್ಳಿಯವರು ಈಗಲೂ ಕೆ.ಇ.ಬಿ. ಎಂದೇ ಕರೆಯುವ ಇಲಾಖೆಗಳಲ್ಲಿ ಇದಕ್ಕೆ ಆರ್.ಟಿ., ಅಂದರೆ ರಿಲೇ ಟೆಸ್ಟಿಂಗ್, ಎಂಬ ಹೆಸರಿದೆ. ಮನೆಗೆ ಬಂದಾಗಲೆಲ್ಲ ಅವನು ತನ್ನ ಕೆಲಸವನ್ನು ಬಿಡಿಸಿ ಹೇಳಿದ್ದಾನೆ. ಮೊದಲು ಲೈನ್ ಕ್ಲಿಯರ್ ಪಡೆಯಬೇಕು, ಅಂದರೆ ಲೈನು ಸತ್ತಿದೆ, ಕೆಲಸ ಮಾಡಬಹುದು ಎಂಬ ಲಿಖಿತ ಅನುಮತಿ. ಲೈನು ಭೂಮಿಗೆ ಜೋಡಣೆಯಾಗಿದೆಯೇ ಎಂದು ಕಣ್ಣಾರೆ ನೋಡಬೇಕು. ಅನಂತರ ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿಗಳನ್ನು ಒಂದಕ್ಕೊಂದು ಜೋಡಿಸಿದ ಮೇಲೆಯೇ ರಿಲೇಯನ್ನು ಬೇರ್ಪಡಿಸಬೇಕು. ಪ್ರವಾಹವಿರುವಾಗ ಆ ತಂತಿಗಳನ್ನು ಹಾಗೆಯೇ ಬಿಚ್ಚಿದರೆ ತುದಿಗಳಲ್ಲಿ ಪ್ರಾಣಾಪಾಯಕಾರಿಯಾದ ವೋಲ್ಟೇಜು ಉಂಟಾಗುತ್ತದೆ.

ಆಮೇಲೆ ಪರೀಕ್ಷೆಯ ಪೆಟ್ಟಿಗೆಯಿಂದ ರಿಲೇಗೆ ಕೃತಕ ದೋಷವನ್ನು ಉಣಿಸುತ್ತಾರೆ. ಮಿತಿಯ ಎರಡು ಪಟ್ಟು, ಐದು ಪಟ್ಟು, ಹತ್ತು ಪಟ್ಟು ಪ್ರವಾಹ ಕೊಟ್ಟು ಕಾಲವನ್ನು ಅಳೆದು, ಕೋಷ್ಟಕದೊಂದಿಗೆ ಹೋಲಿಸುತ್ತಾರೆ. ಹಳೆಯ ರಿಲೇಗಳಾದರೆ ಗಾಜಿನ ಮುಚ್ಚಳ ತೆಗೆದು ಧೂಳು, ಜೇಡರ ಬಲೆಗಳನ್ನು ಸ್ವಚ್ಛಗೊಳಿಸಿ ಸಂಪರ್ಕಗಳನ್ನು ಒರೆಸಬೇಕಿತ್ತು. ರಿಲೇ ಆಜ್ಞೆ ಕೊಟ್ಟರಷ್ಟೇ ಸಾಲದು, ಅಂಗಳದಲ್ಲಿರುವ ಬ್ರೇಕರು ನಿಜವಾಗಿಯೂ ತೆರೆದುಕೊಳ್ಳುತ್ತದೆಯೇ ಎಂದು ನೋಡಬೇಕು. ಬ್ಯಾಟರಿ ಸತ್ತಿದ್ದರೆ ಎಷ್ಟು ಒಳ್ಳೆಯ ರಿಲೇಯೂ ಕೈಕಟ್ಟಿ ಕುಳಿತಂತೆಯೇ. ಎಲ್ಲ ಮುಗಿದ ಮೇಲೆ ತೆಗೆದ ಪ್ರತಿಯೊಂದು ಜೋಡಣೆಯನ್ನೂ ಪಟ್ಟಿ ಹಿಡಿದು ಮತ್ತೆ ಹಾಕಬೇಕು. ಒಂದು ಕೊಂಡಿ ಬಿಟ್ಟುಹೋದರೆ, ಕಾವಲುಗಾರನನ್ನು ಪರೀಕ್ಷಿಸಲು ಹೋದವನೇ ಅವನನ್ನು ಮಲಗಿಸಿ ಬಂದ ಹಾಗಾಗುತ್ತದೆ. ತನ್ನ ಕೆಲಸದಲ್ಲಿ ಅತ್ಯಂತ ಕಷ್ಟದ್ದು ಈ ಕೊನೆಯ ಅರ್ಧ ಗಂಟೆ, ಏಕೆಂದರೆ ಆಗ ಎಲ್ಲರಿಗೂ ಲೈನು ಬೇಗ ಚಾಲೂ ಆಗಬೇಕೆಂಬ ಅವಸರವಿರುತ್ತದೆ ಎಂದು ಅವನು ಹೇಳುತ್ತಾನೆ.

ಕಾಲ ಕಳೆದಂತೆ ರಿಲೇಗಳು ಬದಲಾದವು. ಬಿಲ್ಲೆಗಳ ಜಾಗಕ್ಕೆ ಟ್ರಾನ್ಸಿಸ್ಟರುಗಳು ಬಂದವು. 1984ರಲ್ಲಿ ಅಮೆರಿಕೆಯ ಎಡ್ಮಂಡ್ ಶ್ವೈಟ್ಸರ್ ಎಂಬ ಇಂಜಿನಿಯರು ಮೈಕ್ರೊಪ್ರೊಸೆಸರ್ ಇರುವ ರಿಲೇಯನ್ನು ಮಾರುಕಟ್ಟೆಗೆ ತಂದರು. ಇಂದಿನ ರಿಲೇ ಒಂದು ಪುಟ್ಟ ಕಂಪ್ಯೂಟರು. ಅದು ತನ್ನ ಒಳಗಿನ ಅನೇಕ ದೋಷಗಳನ್ನು ತಾನೇ ಕಂಡುಕೊಂಡು ತಿಳಿಸುತ್ತದೆ, ಪ್ರತಿ ಘಟನೆಯನ್ನೂ ಮಿಲಿಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ. ಹಾಗಾದರೆ ಇನ್ನು ಪರೀಕ್ಷಕನೇಕೆ ಎಂದು ನೀವು ಕೇಳಬಹುದು. ಉತ್ತರ ಇತಿಹಾಸದಲ್ಲಿದೆ. ಕಾವಲುಗಾರನ ತಪ್ಪುಗಳು ಎರಡು ಬಗೆ. ಕಳ್ಳ ಬಂದಾಗ ಕೂಗದಿರುವುದು ಒಂದು. ಮನೆಯವರೇ ಬಂದಾಗ ಕಳ್ಳನೆಂದು ಕೂಗುವುದು ಇನ್ನೊಂದು. ಲೋಕದ ಮೂರು ಮಹಾ ಕತ್ತಲೆಗಳಲ್ಲಿ ಈ ಎರಡನೆಯ ತಪ್ಪಿನ ಪಾತ್ರವಿದೆ. ಅವುಗಳಲ್ಲಿ ಒಂದು ನಮ್ಮ ದೇಶದ್ದು.

ಮೊದಲನೆಯದು 1965ರ ನವೆಂಬರ್ 9ರ ಸಂಜೆ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ನಯಾಗರಾ ನದಿಯ ದಡದಲ್ಲಿರುವ ಸರ್ ಆಡಮ್ ಬೆಕ್ ವಿದ್ಯುತ್ ಕೇಂದ್ರದಿಂದ ಉತ್ತರದ ಕಡೆಗೆ 230 ಕಿಲೋವೋಲ್ಟಿನ ಐದು ಲೈನುಗಳು ಹೋಗುತ್ತಿದ್ದವು. ಅವುಗಳ ಹಿಂಬದಿ ಕಾವಲಿನ ರಿಲೇಗಳನ್ನು 1963ರಲ್ಲಿ 375 ಮೆಗಾವಾಟಿಗೆ ನಿಗದಿ ಮಾಡಲಾಗಿತ್ತು. ಅಂದಿನ ಹೊರೆಗೆ ಅದು ಸರಿಯಾದ ಅಂಕಿಯೇ. ಎರಡು ವರ್ಷಗಳಲ್ಲಿ ಹೊರೆ ಏರಿತು, ಅಂಕಿ ಮಾತ್ರ ಹಾಗೆಯೇ ಉಳಿಯಿತು. ಲೈನಿಗೆ ಅದಕ್ಕಿಂತ ಹೆಚ್ಚು ಹೊರುವ ಶಕ್ತಿ ಇತ್ತು. ಸಂಜೆ 5 ಗಂಟೆ 16 ನಿಮಿಷಕ್ಕೆ ಹೊರೆಯು ಕ್ಷಣಮಾತ್ರ ಮಿತಿಯನ್ನು ದಾಟಿತು. ರಿಲೇ ತನಗೆ ಹೇಳಿದ್ದನ್ನು ಮಾಡಿತು, ಒಂದು ಲೈನು ಬಿಟ್ಟುಹೋಯಿತು. ಅದರ ಭಾರ ಉಳಿದ ನಾಲ್ಕರ ಮೇಲೆ ಬಿದ್ದು ಮೂರು ಸೆಕೆಂಡಿನೊಳಗೆ ಅವೂ ಬಿಟ್ಟುಹೋದವು. ಉತ್ತರಕ್ಕೆ ಹೋಗುತ್ತಿದ್ದ ವಿದ್ಯುತ್ತೆಲ್ಲ ದಕ್ಷಿಣಕ್ಕೆ ತಿರುಗಿ ನ್ಯೂಯಾರ್ಕ್ ಪ್ರಾಂತದ ಮೇಲೆ ಪ್ರವಾಹದಂತೆ ನುಗ್ಗಿತು. ಸುಮಾರು 3 ಕೋಟಿ ಜನರು ಕತ್ತಲೆಯಲ್ಲಿ ಮುಳುಗಿದರು. ಕೆಲವೆಡೆ ಅದು 13 ಗಂಟೆಗಳವರೆಗೂ ಮುಂದುವರಿಯಿತು. ನ್ಯೂಯಾರ್ಕಿನ ನೆಲದಡಿಯ ರೈಲುಗಳಲ್ಲಿ ಲಕ್ಷಾಂತರ ಮಂದಿ ಸಿಕ್ಕಿಕೊಂಡರು. ಆ ರಾತ್ರಿ ಹುಣ್ಣಿಮೆಯ ಬೆಳದಿಂಗಳು ಇದ್ದುದೊಂದೇ ಸಮಾಧಾನ. ಕಾರಣವಾದ ರಿಲೇಯನ್ನು ಗುರುತಿಸಲು ಹಲವು ದಿನಗಳೇ ಹಿಡಿದವು.

ಎರಡನೆಯದು 2003ರ ಆಗಸ್ಟ್ 14. ಅಮೆರಿಕೆಯ ಓಹಾಯೋ ಪ್ರಾಂತದಲ್ಲಿ ಬಿಸಿಲಿನ ಹೊರೆಯಿಂದ ಜೋತುಬಿದ್ದ ಲೈನುಗಳು ಮರಗಳಿಗೆ ತಗುಲಿ ಒಂದೊಂದಾಗಿ ಬಿಟ್ಟುಹೋದವು. ಎಚ್ಚರಿಕೆ ಕೊಡಬೇಕಾಗಿದ್ದ ಕಂಪ್ಯೂಟರು ಕೆಟ್ಟಿದ್ದರಿಂದ ನಿರ್ವಾಹಕರಿಗೆ ವಿಷಯವೇ ತಿಳಿಯಲಿಲ್ಲ. ಅಪರಾಹ್ನ 4 ಗಂಟೆ 6 ನಿಮಿಷಕ್ಕೆ ಸ್ವಲ್ಪ ಮೊದಲು ಸ್ಯಾಮಿಸ್ ಮತ್ತು ಸ್ಟಾರ್ ಎಂಬ ಸ್ಥಳಗಳ ನಡುವಿನ 345 ಕಿಲೋವೋಲ್ಟಿನ ಲೈನು ಟ್ರಿಪ್ ಆಯಿತು. ಅದಕ್ಕೆ ಯಾವ ಮರವೂ ತಗುಲಿರಲಿಲ್ಲ, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಹೊರೆ ಹೆಚ್ಚಾಗಿತ್ತು, ವೋಲ್ಟೇಜು ಕುಸಿದಿತ್ತು. ಓಮನ ನಿಯಮವನ್ನು ಮತ್ತೆ ನೆನಪಿಸಿಕೊಳ್ಳಿ: ಭಾಜ್ಯ ಇಳಿದು ಭಾಜಕ ಏರಿದರೆ ಭಾಗಲಬ್ಧ ಸಣ್ಣದಾಗುತ್ತದೆ. ರಿಲೇಯ ಮೂರನೆಯ ವಲಯವು ಭಾರವನ್ನೇ ದೂರದ ದೋಷವೆಂದು ಬಗೆಯಿತು. ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ಕತ್ತಲೆ ಹಬ್ಬಿ, ಅಮೆರಿಕ ಮತ್ತು ಕೆನಡಾಗಳ ಸುಮಾರು 5 ಕೋಟಿ ಜನರನ್ನು ಮುಟ್ಟಿತು.

ಮೂರನೆಯದನ್ನು ನೀವೆಲ್ಲರೂ ಪತ್ರಿಕೆಗಳಲ್ಲಿ ಓದಿರುತ್ತೀರಿ. 2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕಿಲೋವೋಲ್ಟಿನ ಲೈನು ಟ್ರಿಪ್ ಆಗಿ ಉತ್ತರ ಭಾರತವೆಲ್ಲ ಕತ್ತಲಾಯಿತು. ಮಾರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಅದೇ ಲೈನು ಮತ್ತೆ ಟ್ರಿಪ್ ಆಗಿ ಉತ್ತರ, ಪೂರ್ವ, ಈಶಾನ್ಯದ ಮೂರು ಜಾಲಗಳೂ ಕುಸಿದವು. ಆ ಪ್ರದೇಶದಲ್ಲಿ 60 ಕೋಟಿಗೂ ಹೆಚ್ಚು ಜನರು ವಾಸಿಸುತ್ತಿದ್ದರು. ರೈಲುಗಳು ನಿಂತವು. ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳಲ್ಲಿ ಲಿಫ್ಟುಗಳು ನಿಂತು ಸುಮಾರು 200 ಕಾರ್ಮಿಕರು ನೆಲದಡಿಯಲ್ಲಿ ಸಿಕ್ಕಿಕೊಂಡು, ಬಳಿಕ ಸುರಕ್ಷಿತವಾಗಿ ಮೇಲೆ ಬಂದರು. ವಿಚಾರಣಾ ಸಮಿತಿ ಅನೇಕ ಕಾರಣಗಳನ್ನು ಪಟ್ಟಿ ಮಾಡಿತು. ಬೇರೆ ಲೈನುಗಳು ಸೇವೆಯಿಂದ ಹೊರಗಿದ್ದವು, ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು. ಆದರೆ ಎರಡೂ ದಿನ ಕೊನೆಯ ಎಳೆಯನ್ನು ಕಡಿದದ್ದು ಅದೇ ಮೂರನೆಯ ವಲಯ. ಆ ಎರಡೂ ದಿನ ಬೀನಾ-ಗ್ವಾಲಿಯರ್ ಲೈನಿನಲ್ಲಿ ದೋಷವಿರಲಿಲ್ಲ, ಹೊರೆ ಇತ್ತು.

ಅಂದು ನಮ್ಮ ದಕ್ಷಿಣದ ಜಾಲ ಕುಸಿಯದೆ ಉಳಿದದ್ದಕ್ಕೆ ಕಾರಣ ತಿಳಿಯಬೇಕು. ಆಗ ದಕ್ಷಿಣವು ಉಳಿದ ದೇಶದೊಂದಿಗೆ ಡಿ.ಸಿ. ಎಂದು ನಾವು ಓದಿದ ನೇರ ವಿದ್ಯುತ್ತಿನ ಕೊಂಡಿಗಳಿಂದ ಮಾತ್ರ ಸೇರಿತ್ತು. ಇಂತಹ ಕೊಂಡಿ ವಿದ್ಯುತ್ತನ್ನು ಸಾಗಿಸುತ್ತದೆಯೇ ಹೊರತು ಆಚೆಯ ಜಾಲದ ಏರಿಳಿತವನ್ನು ಈಚೆಗೆ ತರುವುದಿಲ್ಲ. ಒಡಿಶಾದ ತಾಲ್ಚೇರಿನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬರುವ ಅಂತಹ ಒಂದು ಕೊಂಡಿ 2003ರಿಂದ ನಮ್ಮ ಕೋಲಾರದಲ್ಲಿ ಬಂದು ಮುಟ್ಟುತ್ತದೆ. 1902ರಲ್ಲಿ ಕಾವೇರಿಯ ವಿದ್ಯುತ್ತನ್ನು ಪಡೆದ ಕೋಲಾರವೇ ನೂರು ವರ್ಷಗಳ ಬಳಿಕ ಒಡಿಶಾದ ಕಡೆಯ ವಿದ್ಯುತ್ತಿಗೂ ಬಾಗಿಲಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟಿನ ಲೈನಿನ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ನೇರವಾಗಿ ಜೋಡಣೆಯಾಯಿತು. ಅಂದಿನಿಂದ ದೂರದ ರಾಜ್ಯದ ರಿಲೇಯೊಂದರ ಅಂಕಿಗೂ ನಮ್ಮ ಮನೆಯ ದೀಪಕ್ಕೂ ಸಂಬಂಧವಿದೆ.

ಈ ಮೂರು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮೂರರಲ್ಲಿಯೂ ಆ ರಿಲೇಗಳು ಕೆಟ್ಟಿರಲಿಲ್ಲ. ಪರೀಕ್ಷೆಯ ಪೆಟ್ಟಿಗೆಯನ್ನು ಜೋಡಿಸಿದ್ದರೆ ಪ್ರತಿಯೊಂದೂ ತನ್ನ ನಿಗದಿತ ಅಂಕಿಯಲ್ಲಿ, ನಿಗದಿತ ಕಾಲದಲ್ಲಿ ಕೆಲಸ ಮಾಡಿ ತೋರಿಸುತ್ತಿತ್ತು. ಅವು ಆಜ್ಞೆಯನ್ನು ಅಕ್ಷರಶಃ ಪಾಲಿಸಿದವು. ಆಜ್ಞೆಯೇ ಆ ಹೊತ್ತಿನ ಪರಿಸ್ಥಿತಿಗೆ ಹೊಂದುತ್ತಿರಲಿಲ್ಲ. ಪಾಠವನ್ನು ಬಾಯಿಪಾಠ ಮಾಡಿದ ಹುಡುಗ ಪುಸ್ತಕದ ಪ್ರಶ್ನೆಗೆ ಸರಿಯಾದ ಉತ್ತರ ಬರೆಯುತ್ತಾನೆ, ಪ್ರಶ್ನೆ ಸ್ವಲ್ಪ ಬದಲಾದರೂ ಅದೇ ಉತ್ತರವನ್ನು ಬರೆಯುತ್ತಾನೆ. ರಿಲೇಯೂ ಹಾಗೆಯೇ.

ಆದ್ದರಿಂದ ಪರೀಕ್ಷಕನ ಕೆಲಸದಲ್ಲಿ ಎರಡು ಪ್ರಶ್ನೆಗಳಿವೆ. ಈ ಯಂತ್ರ ಹೇಳಿದ್ದನ್ನು ಮಾಡುತ್ತದೆಯೇ ಎಂಬುದು ಮೊದಲನೆಯದು. ಅದನ್ನು ಪೆಟ್ಟಿಗೆ ಉತ್ತರಿಸುತ್ತದೆ, ಇಂದಿನ ರಿಲೇ ಬಹುಮಟ್ಟಿಗೆ ತಾನೇ ಉತ್ತರಿಸಿಕೊಳ್ಳುತ್ತದೆ. ನಾವು ಅದಕ್ಕೆ ಹೇಳಿರುವುದು ಇಂದಿಗೂ ಸರಿಯೇ ಎಂಬುದು ಎರಡನೆಯದು. ಹತ್ತು ವರ್ಷದ ಹಿಂದೆ ಹೊಲವಿದ್ದಲ್ಲಿ ಇಂದು ಕಾರ್ಖಾನೆ ಬಂದಿದೆ, ಒಂದು ಲೈನಿದ್ದಲ್ಲಿ ಮೂರಾಗಿವೆ, ಹೊಸ ಸೌರ ವಿದ್ಯುತ್ ಕೇಂದ್ರ ಜೋಡಣೆಯಾಗಿದೆ. ಅಂಕಿಗಳನ್ನು ತೀರ್ಮಾನಿಸುವುದು ಹಿರಿಯ ಅಧಿಕಾರಿಗಳ ಕೆಲಸವಾದರೂ, ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡುವವನು ಪರೀಕ್ಷಕ. ಅವನು ಕೇಳದಿದ್ದರೆ ಆ ಪ್ರಶ್ನೆ ಕಡತದಲ್ಲಿಯೇ ಉಳಿದುಬಿಡಬಹುದು. 1965ರ ಅನಂತರ ಅಮೆರಿಕೆಯಲ್ಲಿ ವಿದ್ಯುತ್ ಜಾಲದ ಭರವಸೆಯನ್ನು ನೋಡಿಕೊಳ್ಳುವ ಮಂಡಳಿಯೊಂದು 1968ರಲ್ಲಿ ಸ್ಥಾಪನೆಯಾಯಿತು. 2003ರ ಅನಂತರ ರಿಲೇಗಳು ಕೇವಲ ಹೊರೆಗೆ ಮುಗ್ಗರಿಸಬಾರದೆಂಬ ಪ್ರತ್ಯೇಕ ನಿಯಮ ಬಂತು. 2012ರ ಅನಂತರ ನಮ್ಮಲ್ಲಿ ರಕ್ಷಣಾ ವ್ಯವಸ್ಥೆಗಳನ್ನು ಹೊರಗಿನವರಿಂದ ತಪಾಸಣೆ ಮಾಡಿಸಬೇಕೆಂದು ಸಮಿತಿ ಶಿಫಾರಸು ಮಾಡಿತು. ಮೂರೂ ನಿಯಮಗಳು ಕತ್ತಲೆಯ ಬಳಿಕ ಬಂದವು ಎಂಬುದನ್ನು ಗಮನಿಸಬೇಕು.

ಮಳೆಗಾಲದ ಸಂಜೆ ಗುಡುಗಿನ ಹಿಂದೆಯೇ ದೀಪ ಆರಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದರೆ ನಾವು ಇಲಾಖೆಯನ್ನು ಬೈಯುತ್ತೇವೆ. ಬಹಳ ಸಲ ಆ ಆರುವಿಕೆಯೇ ರಕ್ಷಣೆಯಾಗಿರುತ್ತದೆ. ಎಲ್ಲೋ ಒಂದು ರಿಲೇ ತನ್ನ ಕರ್ತವ್ಯ ಮಾಡಿರುತ್ತದೆ, ಅದಕ್ಕೂ ಮೊದಲು ಯಾರೋ ಒಬ್ಬ ಪರೀಕ್ಷಕ ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತು ಹೋಗಿ ಅದರ ಕೊಂಡಿಗಳನ್ನು ಒಂದೊಂದಾಗಿ ಎಣಿಸಿ ಬಂದಿರುತ್ತಾನೆ. ಅವನ ಕೆಲಸ ಸರಿಯಾಗಿದ್ದರೆ ಏನೂ ಸಂಭವಿಸುವುದಿಲ್ಲ, ಆದ್ದರಿಂದ ಪತ್ರಿಕೆಯಲ್ಲಿ ಅವನ ಹೆಸರೂ ಬರುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಲೈನ್‌ಮನ್ನಿನಿಂದ ಹಿಡಿದು ಇಂಜಿನಿಯರಿನವರೆಗೆ ವಿದ್ಯುತ್ ಇಲಾಖೆಗಳಲ್ಲಿ ಅನೇಕರಿದ್ದೀರಿ. ಬಿಡುವಾದಾಗ ನಿಮ್ಮ ಅನುಭವಗಳನ್ನು ನನಗೆ ಬರೆದು ಕಳುಹಿಸಿ, ಮುಂದಿನ ಬರಹಕ್ಕೆ ಅವುಗಳನ್ನು ಸೇರಿಸಿಕೊಳ್ಳುತ್ತೇನೆ. ಕೆಲಸದ ಕೊನೆಯ ಅರ್ಧ ಗಂಟೆಯಲ್ಲಿ ಯಾರು ಎಷ್ಟೇ ಅವಸರಪಡಿಸಿದರೂ ಪಟ್ಟಿಯನ್ನು ಪೂರ್ತಿಯಾಗಿ ಓದಿಯೇ ಸಹಿ ಹಾಕಿ. ಎಲ್ಲರಿಗೂ ಶುಭವಾಗಲಿ.